ಮೂರನೆಯ ಸಿಲಿಂಡರು

ಮೋಟಾರು ದುರಸ್ತಿಯ ಕಸುಬು ವೈದ್ಯವೃತ್ತಿಗೆ ಸಮೀಪವಾದುದು. ರೋಗಿಯು ಬಾಯಿಬಿಟ್ಟು ಹೇಳನೆಂಬುದೇ ಭೇದ. ಹೆದ್ದಾರಿಯ ಬದಿಯ ತಗಡಿನ ಮಾಡಿನ ಗ್ಯಾರೇಜಿನಲ್ಲಿ ವೃದ್ಧ ಮೇಸ್ತ್ರಿಯೊಬ್ಬನಿರುವನು. ಕಾರ್ಬ್ಯುರೇಟರಿನ ಕಾಲದಲ್ಲಿ ಆತನು ಎಂಜಿನ್ನಿನ ಸದ್ದನ್ನಾಲಿಸಿಯೇ ದೋಷವನ್ನು ಹೇಳುತ್ತಿದ್ದನು. 2020ರ ಭಾರತ್ ಸ್ಟೇಜ್ 6 ನಿಯಮದ ತರುವಾಯ ಹೊಸ ದ್ವಿಚಕ್ರಗಳಿಂದಲೂ ಕಾರ್ಬ್ಯುರೇಟರು ಬಹುಮಟ್ಟಿಗೆ ಮಾಯವಾಯಿತು. ಈಗ ದೋಷವನ್ನು ಸ್ಕ್ಯಾನರೇ ಹೇಳುವುದೆಂದು ಜನರ ನಂಬಿಕೆ.

ಒಮ್ಮೆ ನಡುಗುತ್ತ ಬಂದ ಕಾರಿಗೆ ಶಿಷ್ಯನು ಆ ಯಂತ್ರವನ್ನು ಜೋಡಿಸಲು, ಪಿ0303 ಎಂಬ ಸಂಕೇತವು ಕಂಡಿತು. ಮೂರನೆಯ ಸಿಲಿಂಡರಿನಲ್ಲಿ ದಹನವು ತಪ್ಪುತ್ತಿದೆಯೆಂದು ಅದರ ಅರ್ಥ. ಏಕೆಂಬುದನ್ನು ಅದು ಹೇಳದು. ಇಂಜೆಕ್ಟರನ್ನು ಬದಲಿಸೋಣವೆಂದನು ಶಿಷ್ಯ. ಮೇಸ್ತ್ರಿಯು ಮೂರನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದರದನ್ನು ಮೂರನೆಯದಕ್ಕೂ ಇಟ್ಟು ಎಂಜಿನ್ನನ್ನು ಚಾಲೂ ಮಾಡಿಸಿದನು. ಸಂಕೇತವು ಪಿ0301 ಆಯಿತು! ದೋಷವು ಕಾಯಿಲಿನೊಡನೆಯೇ ನಡೆದುಬಂದಿತ್ತು. ತಾರ್ಕಿಕರು ಅನ್ವಯವ್ಯತಿರೇಕವೆನ್ನುವುದು ಇದನ್ನೇ. ಪಾಠಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದವರೆಲ್ಲರೂ ಹೀಗೆ ಪ್ರಯೋಗಿಸಬಲ್ಲರೆಂದು ಹೇಳಲಾಗದು.

“ಕಾಲು ಗಂಟೆಯ ಕೆಲಸಕ್ಕೆ ಇಷ್ಟು ಕೂಲಿಯೇ, ಮೇಸ್ತ್ರಿ?” ಎಂದನು ಕಾರಿನ ಧಣಿ. ಉಳಿದುಹೋದ ಇಂಜೆಕ್ಟರಿನ ಬೆಲೆಯನ್ನು ಮೇಸ್ತ್ರಿಯು ಎತ್ತಲಿಲ್ಲ. ಐವತ್ತು ರೂಪಾಯಿ ಬಿಟ್ಟುಕೊಟ್ಟು, ಕೈಯನ್ನು ಬಟ್ಟೆಗೊರೆಸಿ, ಮುಂದಿನ ಗಾಡಿಯ ಬಾನೆಟ್ಟನ್ನು ತೆರೆದನು.