ಗಂಟುಮೂಟೆಯ ಸಂಸಾರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಮೂರನೆಯದೊಂದನ್ನು ಏಕೋ ಹೇಳದೆ ಬಿಟ್ಟರು. ಕಟ್ಟಿದ ಮನೆಯಲ್ಲಿಯೇ ಹುಟ್ಟಿ, ಅದೇ ಮನೆಯ ಜಗಲಿಯಿಂದ ಕೊನೆಯ ಪಯಣ ಹೊರಡುತ್ತಿದ್ದ ಕಾಲದಲ್ಲಿ 'ಮನೆ ಖಾಲಿ ಮಾಡಿ ನೋಡು' ಎನ್ನುವ ಪ್ರಸಂಗವೇ ಅವರಿಗೆ ಒದಗಿರಲಿಕ್ಕಿಲ್ಲ. ಬಾಡಿಗೆ ಮನೆಗಳ ಈ ದಿನಗಳಲ್ಲಿ ಆ ಗಾದೆಗೆ ಒಂದು ಬಾಲವನ್ನು ಸೇರಿಸದೆ ಗತ್ಯಂತರವಿಲ್ಲ. ಇನ್ನು ಮನೆ ಖಾಲಿ ಮಾಡುವ ವಾರದಲ್ಲಿಯೇ ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಪ್ರವಾಸ ಹೊರಡುವ ಸಾಹಸವನ್ನಂತೂ ಯಾವ ಗಾದೆಯೂ ಊಹಿಸಿಲ್ಲ.

ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಳೆಯ ಮನೆಯೊಂದರಲ್ಲಿ 22 ವರ್ಷ ಬಾಡಿಗೆಗಿದ್ದ ಸಂಸಾರವೊಂದಕ್ಕೆ ಇಂಥ ಸಾಹಸ ಒದಗಿತು. ಮನೆಯನ್ನು ಬಿಟ್ಟುಕೊಡಬೇಕೆಂದು ಮಾಲೀಕರು ಕೇಳಿದ್ದರು. ಮೈಸೂರಿನಲ್ಲಿ ಮೂರನೆಯ ಅಂತಸ್ತಿನ ಫ್ಲ್ಯಾಟೊಂದು ಗೊತ್ತಾಗಿತ್ತು. ಜೂನ್ ಬಂದರೆ ಹುಡುಗನಿಗೆ ಶಾಲೆ. ಅದರ ಬೆನ್ನಿಗೇ ಆಷಾಢ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವವರುಂಟೆ? ಆದುದರಿಂದ ಸಾಮಾನು ಸಾಗಿಸುವುದಾದರೂ ಸರಿ, ರಜೆಯಲ್ಲಿ ಮಗನಿಗೆ ಮಾತು ಕೊಟ್ಟಿದ್ದ ಪ್ರವಾಸವಾದರೂ ಸರಿ, ಮೇ ತಿಂಗಳ ಕೊನೆಯ ವಾರದಲ್ಲಿಯೇ ಆಗಬೇಕು. ಭಾನುವಾರ ಪ್ರವಾಸ, ಬುಧವಾರ ಸ್ಥಳಾಂತರ ಎಂದು ಯಜಮಾನರು ತೀರ್ಮಾನಿಸಿದರು.

ಊರಿಗೆ ಬಂದ ನೆಂಟರಿಗೆಲ್ಲ ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮಗಳನ್ನು ತೋರಿಸಿ ತೋರಿಸಿ ಕಾಲು ಸವೆಸಿಕೊಂಡಿದ್ದ ಈ ಸಂಸಾರ, ಜಿಲ್ಲೆಯ ಉಳಿದ ಭಾಗವನ್ನು ಬಸ್ಸಿನ ಹಲಗೆಯ ಮೇಲೆ ಓದಿದ್ದೇ ಹೆಚ್ಚು. ಈಗ ಬಿಟ್ಟುಹೋಗುವ ಹೊತ್ತಿನಲ್ಲಿ ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿಬಿಡುವ ಆಸೆ. ಹುಡುಗನಿಗೆ ಪಾಂಡವಪುರದ ಬಳಿಯ ತೊಣ್ಣೂರು ಕೆರೆ ಬೇಕು. ಯಜಮಾನರಿಗೆ ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯ ಬೇಕು. ಮನೆಯಾಕೆಗೆ ಕಿಕ್ಕೇರಿ, ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಆ ಊರಿನ ಬೀದಿಯಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು. ಅಜ್ಜಿ ಮಾತ್ರ "ನನ್ನನ್ನು ನಾಗಮಂಗಲಕ್ಕೆ ಕರೆದುಕೊಂಡು ಹೋದರಾಯಿತು" ಎಂದರು. ಅಲ್ಲಿ ಅವರ ತಮ್ಮನ ಮನೆ. ತಮ್ಮನನ್ನು ನೋಡುವ ಆಸೆಯಿರಬೇಕೆಂದು ಎಲ್ಲರೂ ತಿಳಿದರು.

ಮರುದಿನದಿಂದ ಎರಡು ಸಿದ್ಧತೆಗಳೂ ಒಂದರ ಮೇಲೊಂದು ಬಿದ್ದವು. ಪ್ರವಾಸಕ್ಕೆ ಬೇಕಾದುದೆಲ್ಲ ಸ್ಥಳಾಂತರದ ಪೆಟ್ಟಿಗೆಗಳಲ್ಲಿ ಅಡಗಿತ್ತು. ಸ್ಥಳಾಂತರಕ್ಕೆ ಬೇಕಾದ ಚೀಲಗಳೆಲ್ಲ ಪ್ರವಾಸಕ್ಕೆ ಮೀಸಲಾಗಿದ್ದವು. ಕಾಫಿಯ ಫ್ಲಾಸ್ಕು ಕಂಬಳಿಗಳ ಗಂಟಿನೊಳಗಿತ್ತು. ಕೊಡೆಗಳು ಒನಕೆಯೊಡನೆ ಕಟ್ಟಿಸಿಕೊಂಡು ಮೂಲೆ ಸೇರಿದ್ದವು. ಪುಳಿಯೋಗರೆಯ ಗೊಜ್ಜು ಕುದಿಯುತ್ತಿರುವಾಗ ಒಗ್ಗರಣೆಯ ಸೌಟು ಯಾವ ಪೆಟ್ಟಿಗೆಯಲ್ಲಿದೆಯೆಂದು ಹುಡುಕಬೇಕಾಯಿತು. ಕಾರಿನ ಕಾಗದಪತ್ರಗಳಿಗಾಗಿ ಯಜಮಾನರು ಕಟ್ಟಿದ್ದ ಏಳು ಪೆಟ್ಟಿಗೆಗಳನ್ನು ಬಿಚ್ಚಿದರು. ಕಾಗದಗಳು ಕೊನೆಗೆ ಕಾರಿನಲ್ಲಿಯೇ ಸಿಕ್ಕಿದವು.

ಬೀರು ಬಾಗಿಲಲ್ಲಿ ಸಿಕ್ಕಿಕೊಂಡು ಒಳಗೂ ಇಲ್ಲ, ಹೊರಗೂ ಇಲ್ಲವೆಂದು ನಿಂತಾಗ ಹುಡುಗನಿಗೆ ನಗು ಬಂತು. ಇದೇ ಊರಿನಲ್ಲಿ, ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಬುಡಸಹಿತ ಎತ್ತಿ ಸುಮಾರು 100 ಮೀಟರ್ ದೂರಕ್ಕೆ ಸರಿಸಿದ್ದರು. ಇಟ್ಟಿಗೆ ಗಾರೆಯ ಸುಮಾರು 1000 ಟನ್ನಿನ ಕಟ್ಟಡ ಇಡಿಯಾಗಿ ಅಲ್ಲಿಂದಿಲ್ಲಿಗೆ ಬಂದಿತ್ತು. "ಅಷ್ಟು ದೊಡ್ಡ ಕಟ್ಟಡವೇ ಹೋಯಿತು, ನಮ್ಮ ಬೀರು ಹೋಗುವುದಿಲ್ಲವಲ್ಲ ಅಪ್ಪ!" ಎಂದ. ಯಜಮಾನರು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಅಜ್ಜಿಗೆ ಆ ಮಾತು ಬೇರೊಂದು ಕಥೆಯನ್ನು ನೆನಪಿಗೆ ತಂದಿತು. ಅವರ ತಂದೆ ಕನ್ನಂಬಾಡಿಯವರು. 1911ರಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಗಿ, ಕ್ರಮೇಣ ನೀರು ಏರತೊಡಗಿದಾಗ ಊರು ಮುಳುಗಿತು. ಜನ ಎದ್ದು ಎತ್ತರದ ನೆಲಕ್ಕೆ ಹೋದರು. ಆಗ ಹುಡುಗನಾಗಿದ್ದ ತಂದೆ ಗಾಡಿಯ ಹಿಂದೆ ನಡೆಯುತ್ತ, ಬೀಸುಕಲ್ಲಿನ ಮೇಲುಗಲ್ಲು ಗಾಡಿಯಲ್ಲಿ, ಕೆಳಗಲ್ಲು ನೀರಿನಲ್ಲಿ ಉಳಿಯಿತೆಂದು ಅತ್ತರಂತೆ. ವೇಣುಗೋಪಾಲಸ್ವಾಮಿಯ ಗುಡಿಯೂ ನೀರಿನೊಳಗೇ ಉಳಿದು, ಬರಗಾಲದಲ್ಲಿ ಮಾತ್ರ ಮೇಲೆದ್ದು ಕಾಣಿಸುತ್ತಿತ್ತು. ಈ ಶತಮಾನದಲ್ಲಿ ಆ ಗುಡಿಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ನಂಬರು ಹಾಕಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು.

"ನಂಬರು ಯಾಕೆ ಅಜ್ಜಿ?"

"ಯಾವ ಕಲ್ಲು ಯಾರ ಪಕ್ಕದಲ್ಲಿತ್ತೋ ಅದು ಅವರ ಪಕ್ಕದಲ್ಲಿಯೇ ಕೂರಬೇಕಲ್ಲ ಮಗು."

ಹುಡುಗ ಆ ಸಂಜೆಯೇ ಮಸಿಯ ಪೆನ್ನು ಹಿಡಿದು ಮನೆಯ ಪೆಟ್ಟಿಗೆಗಳಿಗೆಲ್ಲ ನಂಬರು ಬರೆದ. ದೇವರ ಪಟ, ದೀಪ, ಅರಿಸಿನ ಕುಂಕುಮಗಳ ಪೆಟ್ಟಿಗೆ ಹೊಸ ಮನೆಗೆ ಮೊದಲು ಹೋಗತಕ್ಕದ್ದು, ಅದಕ್ಕೆ ಒಂದು. ಕೊನೆಯದು 43. ಪ್ರತಿಯೊಂದರ ಮುಂದೆ ಅದು ಯಾವ ಕೋಣೆ ಸೇರಬೇಕೆಂದು ಒಂದು ಪುಸ್ತಕದಲ್ಲಿ ಬರೆದುಕೊಂಡ.

ಫ್ಲ್ಯಾಟಿಗೆ ಒಗ್ಗದ ವಸ್ತುಗಳದೇ ಕಷ್ಟ. ಒರಳುಕಲ್ಲನ್ನು ಮೂರನೆಯ ಅಂತಸ್ತಿಗೆ ಹೊರುವವರಾರು? ಗ್ಯಾಸಿನ ಗೀಸರು ಇರುವಲ್ಲಿ ಹಿತ್ತಾಳೆಯ ಹಂಡೆಗೇನು ಕೆಲಸ? ಗುಜರಿಗೆ ಹಾಕುವ ಮಾತು ಬಂದಾಗ ಅಜ್ಜಿ ಬೇಡವೆಂದರು. ಹೇಗೂ ಕಾರು ಹೋಗುತ್ತದೆ. ಹಂಡೆ ಪಾಂಡವಪುರದ ಮಗಳ ಮನೆಗೆ, ಒರಳು ಕೆ.ಆರ್.ಪೇಟೆಯ ನಾದಿನಿಯ ಮನೆಗೆ, ಆಳೆತ್ತರದ ದೀಪದ ಕಂಬ ನಾಗಮಂಗಲಕ್ಕೆ. ಆ ಕಂಬವನ್ನು ಎರಕ ಹೊಯ್ದದ್ದೂ ನಾಗಮಂಗಲದಲ್ಲಿಯೇ. ಲೋಹದ ಕೆಲಸಕ್ಕೆ ಆ ಊರು ಹಿಂದಿನಿಂದಲೂ ಹೆಸರಾದುದು. ಪ್ರವಾಸದ ದಾರಿಯೆಲ್ಲ ಹೀಗೆ ಸಾಮಾನು ಇಳಿಸುವ ದಾರಿಯಾಯಿತು.

ಶನಿವಾರ ರಾತ್ರಿ ಕಾರಿನ ಡಿಕ್ಕಿಯನ್ನು ತುಂಬುತ್ತಿದ್ದಾಗ ಮನೆಯಾಕೆಯ ಕೈಗೆ ಹಗ್ಗ ಬಿಗಿದ ಒಂದು ಟ್ರಂಕು ಸಿಕ್ಕಿತು. ಅದಕ್ಕೆ ನಂಬರು ಇರಲಿಲ್ಲ. ಬಿಚ್ಚಿ ನೋಡಿದರೆ ಅಜ್ಜಿಯ ಎಂಟು ಸೀರೆಗಳು, ಮೂರು ತಿಂಗಳ ಮಾತ್ರೆಗಳು, ತೀರಿಕೊಂಡ ಯಜಮಾನರ ಭಾವಚಿತ್ರ. ಬೆಳಗ್ಗೆ ಹೊರಟು ರಾತ್ರಿ ಹಿಂದಿರುಗುವ ಪ್ರವಾಸಕ್ಕೆ ಇಷ್ಟೇಕೆ?

"ಏನತ್ತೆ ಇದು?"

ಅಜ್ಜಿಯ ದನಿಯಲ್ಲಿ ಕೋಪವಿರಲಿಲ್ಲ. "ಮೂರನೇ ಮಹಡಿ, ಎರಡು ಕೋಣೆ. ಹಂಡೆಗೆ ಜಾಗವಿಲ್ಲ ಅಂದಿರಿ, ಒರಳಿಗೆ ಜಾಗವಿಲ್ಲ ಅಂದಿರಿ, ಅದು ನಿಜವೇ. ನನ್ನ ಹೆಸರು ನೀವು ಹೇಳುವುದಕ್ಕೆ ಮೊದಲೇ ನಾನು ತಿಳಿದುಕೊಂಡರೆ ಯಾರಿಗೂ ಸಂಕೋಚವಿಲ್ಲ ನೋಡಮ್ಮ. ನಾಗಮಂಗಲದಲ್ಲಿ ತಮ್ಮನ ಮನೆ ದೊಡ್ಡದು."

ಮನೆಯಾಕೆಗೆ ಮಾತು ಹೊರಡಲಿಲ್ಲ. ಅಜ್ಜಿಯನ್ನು ಬಿಟ್ಟುಹೋಗುವ ಯೋಚನೆ ಯಾರ ಮನಸ್ಸಿನಲ್ಲೂ ಸುಳಿದಿರಲಿಲ್ಲ. ಆದರೆ ಫ್ಲ್ಯಾಟಿನ ಗೋಡೆಗಳನ್ನು ಫ್ರಿಜ್ಜಿಗೆಂದು ಅಳೆದಿದ್ದರು, ಬೀರುವಿಗೆಂದು ಅಳೆದಿದ್ದರು, ಹುಡುಗನ ಮೇಜಿಗೆಂದು ಅಳೆದಿದ್ದರು. ಅಜ್ಜಿಯ ಮಂಚಕ್ಕೆಂದು ಯಾರೂ ಅಳೆದಿರಲಿಲ್ಲ. ಅದು ಹೇಗೋ ಆಗುತ್ತದೆಯೆಂದು ಬಿಟ್ಟಿದ್ದರು. ಮನೆಯಲ್ಲಿ ಹಿರಿಯರಾದವರು ಮಾತಿಗಿಂತ ಹೆಚ್ಚಾಗಿ ಇಂಥ ಮೌನವನ್ನೇ ಓದುತ್ತಾರೆ.

ಯಜಮಾನರು ಅಳತೆಯ ಪಟ್ಟಿಯನ್ನು ತಂದು ತಾಯಿಯ ಮಂಚವನ್ನು ಅಳೆದರು. ಫ್ಲ್ಯಾಟಿನ ನಕ್ಷೆಯನ್ನು ಹರಡಿಕೊಂಡು ಬಹಳ ಹೊತ್ತು ಕುಳಿತರು. ಪೂರ್ವದ ಕಿಟಕಿಯ ಕೆಳಗೆ ತಮ್ಮ ಪುಸ್ತಕದ ಕಪಾಟಿಗೆಂದು ಗುರುತಿಸಿದ್ದ ಜಾಗದಲ್ಲಿ ಮಂಚ ಸರಿಯಾಗಿ ಕೂರುತ್ತಿತ್ತು. ಕಪಾಟಿನ ಹೆಸರನ್ನು ಹೊಡೆದು "ಅಮ್ಮ" ಎಂದು ಬರೆದರು. "ಬೆಳಗಿನ ಬಿಸಿಲು ನೇರ ಬರುತ್ತಮ್ಮ ಅಲ್ಲಿ" ಎಂದಷ್ಟೇ ಹೇಳಿದರು. ಹುಡುಗ ಮಸಿಯ ಪೆನ್ನು ತಂದು ಟ್ರಂಕಿನ ಮೇಲೆ ದೊಡ್ಡದಾಗಿ 1 ಎಂದು ಬರೆದ. ಒಂದು ಆಗಲೇ ದೇವರ ಪೆಟ್ಟಿಗೆಗೆ ಇದೆಯೆಂದು ತಾಯಿ ನೆನಪಿಸಿದಾಗ, "ಇಬ್ಬರೂ ಮೊದಲು ಹೋಗಲಿ. ನಂಬರು ಹಾಕಿದ ಕಲ್ಲನ್ನು ಬೇರೆ ಕಡೆ ಇಡುವ ಹಾಗಿಲ್ಲ ಅಜ್ಜಿ" ಎಂದ.

ಭಾನುವಾರ ಕಾರು ಹೊರಟಿತು. ಒಮ್ಮೆ ಹಿರೋಡೆಯಾಗಿ, ಮತ್ತೆ ಫ್ರೆಂಚ್ ರಾಕ್ಸ್ ಆಗಿ, ಈಗ ಪಾಂಡವಪುರವಾಗಿರುವ ಊರಿನಲ್ಲಿ ಹಂಡೆ ಇಳಿಯಿತು. ಹಿಂದೆ ಅತ್ತಿಕುಪ್ಪೆಯಾಗಿದ್ದ ಕೃಷ್ಣರಾಜಪೇಟೆಯಲ್ಲಿ ಒರಳು ಇಳಿಯಿತು. ಹೆಸರು ಹೋದರೂ ಊರು ಉಳಿದಿದೆ. ಮನೆ ಹೋದರೂ ಮಂದಿ ಉಳಿದರೆ ಸಾಕಲ್ಲವೇ? ನಾಗಮಂಗಲದಲ್ಲಿ ಸೌಮ್ಯಕೇಶವನ ದರ್ಶನ ಮುಗಿಸಿ, ತಮ್ಮನ ಮನೆಯಲ್ಲಿ ಊಟ ಮಾಡಿ ಎದ್ದಾಗ ಯಜಮಾನರು ದೀಪದ ಕಂಬವನ್ನು ಇಳಿಸಹೋದರು.

ಅಜ್ಜಿ ತಡೆದರು. "ಇರಲಿ ಬಿಡಪ್ಪ. ಮಂಚದ ಪಕ್ಕದಲ್ಲಿ ಎರಡು ಗೇಣು ಜಾಗ ಮಿಗುತ್ತದಲ್ಲ?"

ಮಿಗುತ್ತದೆಯೋ ಇಲ್ಲವೋ ಯಜಮಾನರು ಅಳೆದಿರಲಿಲ್ಲ. "ಮಿಗುತ್ತಮ್ಮ" ಎಂದು ಡಿಕ್ಕಿಯ ಬಾಗಿಲನ್ನು ಮುಚ್ಚಿದರು.