ತಟ್ಟೆ ಎಸೆಯುವ ಆಟ

ನಮ್ಮ ಕಡೆ ಮನೆಯ ಹೆಂಗಸು ತಟ್ಟೆ ಎಸೆದಳೆಂದರೆ ಊರೆಲ್ಲ ಸುದ್ದಿ. ಅತ್ತೆಯ ಮೇಲೋ ಗಂಡನ ಮೇಲೋ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ. ಅರವತ್ತಮೂರನೆಯ ವಯಸ್ಸಿನಲ್ಲಿ, ಯಾರ ಮೇಲೂ ಸಿಟ್ಟಿಲ್ಲದೆ, ಒಂದೇ ಬೆಳಿಗ್ಗೆ ಐವತ್ತು ಅರವತ್ತು ಸಲ ತಟ್ಟೆ ಎಸೆದು ಬಂದವಳು ನಾನು. ನಗಬೇಕೆನಿಸಿದರೆ ನಗಿ, ಆದರೆ ಪೂರ್ತಿ ಕೇಳಿ.

2023ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಸ್ಯಾನ್ ಹೊಸೆಗೆ ಹೋಗಿದ್ದೆ. ಸಕಲೇಶಪುರದ ತೋಟದಲ್ಲಿ ದಿನಕ್ಕೆ ನಾಲ್ಕು ಸಲ ದಿಣ್ಣೆ ಏರಿ ಇಳಿಯುತ್ತಿದ್ದ ಕಾಲು ಅಲ್ಲಿ ಸೋಫಾದ ಮೇಲೆ ಕೂತು ಕೂತು ಜೋಮು ಹಿಡಿದಿತ್ತು. ಒಂದು ಭಾನುವಾರ ಮಗಳು, "ನಡಿ ಅಮ್ಮ, ನಿನಗೊಂದು ಬೆಟ್ಟ ತೋರಿಸ್ತೀನಿ" ಎಂದು ಕಾರು ಹತ್ತಿಸಿದಳು. ನಮ್ಮ ಶಿರಾಡಿ ಘಾಟಿಯ ನೆನಪು ತರಿಸುವ ತಿರುವು ರಸ್ತೆಯಲ್ಲಿ ಗುಡ್ಡ ದಾಟಿ, ಕಡಲ ದಂಡೆಯ ಸಾಂತಾ ಕ್ರೂಜ್ ಊರಿನ ಡಿ ಲಾವಿಯಾಗ ಪಾರ್ಕಿಗೆ ಬಂದೆವು. ಪಾರ್ಕೆಂದರೆ ಬೆಂಚು, ಹೂಕುಂಡ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಓಕ್ ಮರಗಳ ಕಾಡು, ಕಣಿವೆ, ದಿಣ್ಣೆ. ನಡುನಡುವೆ ನೀಲಗಿರಿ. ಆ ಎಲೆಯ ವಾಸನೆ ಮೂಗಿಗೆ ಬಡಿದದ್ದೇ ಆಲೂರಿನ ನನ್ನ ತವರುಮನೆಯ ಹಿಂದಿನ ತೋಪು ಕಣ್ಣ ಮುಂದೆ ಬಂತು.

1984ರಿಂದ ಅಲ್ಲಿ ಡಿಸ್ಕ್ ಗಾಲ್ಫ್ ಆಡುತ್ತಿದ್ದರು. ಗಾಲ್ಫಿನ ಕೋಲು, ಚೆಂಡಿನ ಬದಲು ತಿಂಡಿ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಬಿಲ್ಲೆ. ಕುಳಿಯ ಬದಲು ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ಬಿಲ್ಲೆ ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಇದರ ಮೊದಲ ಕಾಯಂ ಅಂಗಳವನ್ನು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮಾಡಿದವನು ಎಡ್ ಹೆಡ್ರಿಕ್. ಸರಪಳಿಯ ಬುಟ್ಟಿಯೂ ಅವನದೇ ಕಲ್ಪನೆ. 2002ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಇಚ್ಛೆಯಂತೆ ಬೂದಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಬಿಲ್ಲೆಗಳನ್ನೇ ಅಚ್ಚು ಹಾಕಿದರು. ನಾವು ಬೂದಿಯನ್ನು ಕಾವೇರಿಯಲ್ಲಿ ಬಿಡುತ್ತೇವೆ. ಆತ ಗಾಳಿಗೆ ಬಿಡಿಸಿಕೊಂಡ!

"ನೀನೂ ಎಸಿ ಅಮ್ಮ" ಎಂದು ಮಗಳು ಬಿಲ್ಲೆ ಕೈಗಿತ್ತಳು. ಸೆರಗು ಸಿಕ್ಕಿಸಿ ಎಸೆದೆ. ಹತ್ತು ಮಾರು ದೂರದ ಓಕ್ ಮರಕ್ಕೆ ಬಡಿದು ಬಿತ್ತು. "ತೋಳಲ್ಲಿ ಬೇಡ, ಮಣಿಕಟ್ಟಲ್ಲಿ" ಎಂದಳು. ಮೊರದಲ್ಲಿ ಅಕ್ಕಿ ಕೇರುವಾಗ ಕೊನೆಗೆ ಕೈ ಒಂದು ಸಣ್ಣ ಕುಲುಕು ಕೊಡುತ್ತದಲ್ಲ, ಅದೇ. ಬಲಗೈಯವರು ಹಾಗೆ ಎಸೆದ ಬಿಲ್ಲೆ ವೇಗ ಕಳೆದುಕೊಂಡಾಗ ಎಡಕ್ಕೆ ವಾಲುತ್ತದೆ; ಅದನ್ನು ಲೆಕ್ಕ ಹಾಕಿ ತುಸು ಬಲಕ್ಕೆ ಗುರಿಯಿಡಬೇಕು. ಪೊದೆಗೆ ಕೈಹಾಕುವಾಗ ಮಾತ್ರ ಎಚ್ಚರ. ನಮ್ಮಲ್ಲಿ ಇಂಬಳ ಇದ್ದಂತೆ ಅಲ್ಲಿ ಪಾಯಿಸನ್ ಓಕ್ ಎಂಬ ಗಿಡ; ಸೋಕಿದರೆ ಮೈಯೆಲ್ಲ ತುರಿಕೆ.

ನಾಲ್ಕನೆಯ ಬುಟ್ಟಿಯಲ್ಲಿ ನನ್ನ ಬಿಲ್ಲೆ ಸರಪಳಿಗೆ ಬಡಿದು ಝಲ್ಲೆಂದಿತು. ಚಿಕ್ಕ ಹುಡುಗಿಯ ಹಾಗೆ ಕೂಗಿಬಿಟ್ಟೆ! ಕೂಗಿದ ಮೇಲೆ ನೆನಪಾಯಿತು, ಹಾಗೆ ಕೂಗಿದ್ದು ಆಲೂರಿನಲ್ಲಿ, ಲಗೋರಿ ಕೆಡವಿದಾಗ. ಆಗ ನನಗೆ ಹನ್ನೆರಡು. ಅದೇ ವರ್ಷ ನಾನು ದೊಡ್ಡವಳಾದೆ. ಅಜ್ಜಿ ಚೆಂಡನ್ನು ಅಟ್ಟಕ್ಕೆ ಹಾಕಿದರು. ಆಮೇಲೂ ಬೆಟ್ಟ ಹತ್ತಿದ್ದೇನೆ. ಸೌದೆಗೆ, ನೀರಿಗೆ, ಆಳುಗಳಿಗೆ ಬುತ್ತಿ ಒಯ್ಯಲು. ಆಟಕ್ಕೆಂದು ಹತ್ತಲಿಲ್ಲ.

ಎಲ್ಲ ಬುಟ್ಟಿಗಳನ್ನೂ ಮುಗಿಸಲು ನನ್ನ ಮಂಡಿ ಒಪ್ಪಲಿಲ್ಲ. ಹತ್ತನ್ನು ಆಡಿ, ಉಳಿದದ್ದು ಬಿಟ್ಟು, ಇಪ್ಪತ್ತೇಳನೆಯದಕ್ಕೆ ನಡೆದೆವು. ಅದಕ್ಕೆ 'ಜಗತ್ತಿನ ತುದಿ' ಎಂಬರ್ಥದ ಹೆಸರು. ನೆತ್ತಿಯಿಂದ ಎಸೆದರೆ ಬಿಲ್ಲೆ ಇಳಿಜಾರಿನ ಮೇಲೆ ತೇಲುತ್ತ ಹೋಗುತ್ತಿತ್ತು. ದೂರದಲ್ಲಿ ಮಾಂಟೆರೆ ಕೊಲ್ಲಿಯ ನೀರು. ಅಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಾಗ ಮಗಳು ತಣ್ಣಗೆ ಕೇಳಿದಳು: "ಅಮ್ಮ, ಖೋಖೋ ನೆನಪಿದೆಯಾ?"

ನೆನಪಿಲ್ಲದೇನು. 1999. ಅವಳಿಗೆ ಹದಿನೈದು. ಶಾಲೆಯ ತಂಡ ಹಾಸನದಲ್ಲಿ ಗೆದ್ದು ಮೈಸೂರಿಗೆ ಹೊರಟಿತ್ತು. ಚೀಲ ತುಂಬಿ, ಬೂಟಿಗೆ ಬಿಳಿ ಬಳಿದು ಬಾಗಿಲಲ್ಲಿಟ್ಟಿದ್ದಳು. ಎರಡು ರಾತ್ರಿ ಹೊರಗೆ ಉಳಿಯಬೇಕು ಎಂದು ತಿಳಿದು ನಾನೇ ತಡೆದೆ. ಅವರಪ್ಪ "ಹೋಗ್ಲಿ ಬಿಡೆ" ಎಂದರೂ ಕೇಳಲಿಲ್ಲ.

"ಕಳಿಸಿದ್ದರೂ ನಾವು ಸೋಲ್ತಿದ್ವಿ ಅಮ್ಮ, ಮೈಸೂರಿನವರು ಜೋರಿದ್ರು. ಸೋತು ಬರೋಕೂ ನೀನು ಬಿಡಲಿಲ್ಲ."

"ಹೆದರಿಕೆ ಕಣೇ" ಎಂದೆ. ಅದು ಅರ್ಧ ನಿಜ. ಉಳಿದರ್ಧವನ್ನು ಅವಳಿಗೆ ಹೇಳಲಾಗಲಿಲ್ಲ, ನಿಮ್ಮಲ್ಲಿ ಹೇಳುತ್ತೇನೆ. ನನಗೆ ಸಿಗದ ಮೈದಾನ ಇವಳಿಗೇಕೆ ಎಂಬ ಕಿಚ್ಚೂ ಎದೆಯ ಯಾವುದೋ ಮೂಲೆಯಲ್ಲಿತ್ತು. ಹೆತ್ತವಳಿಗೂ ಹಾಗನಿಸುತ್ತದೆಯೇ ಎಂದು ಕೇಳಬೇಡಿ. ಅನಿಸಿತ್ತು. ಅವಳು ಸುಲಿದ ಕಿತ್ತಳೆಯ ಅರ್ಧ ನನ್ನ ಕೈಗಿಟ್ಟು, "ಎದ್ದೇಳು, ನಿನ್ನ ಸರದಿ" ಎಂದಳು.

ಊರಿಗೆ ಬರುವಾಗ ಎರಡು ಬಿಲ್ಲೆ ಚೀಲದಲ್ಲಿಟ್ಟಳು. ಮನೆಯ ಹಿಂದಿನ ಇಳಿಜಾರಿನಲ್ಲಿ, ಸಿಲ್ವರ್ ಮರಗಳ ನಡುವೆ, ಕಾಫಿ ಕೊಯ್ಯುವ ಹಳೆಯ ಬಿದಿರು ಕುಕ್ಕೆಯನ್ನು ಹಲಸಿನ ಮರಕ್ಕೆ ಕಟ್ಟಿಸಿದೆ. ಸರಪಳಿ ಎಲ್ಲಿಂದ ತರಲಿ? ಕೊಟ್ಟಿಗೆಯಲ್ಲಿದ್ದ ದನದ ಗಂಟೆ ತೂಗುಹಾಕಿದೆ. ಹಾಸನದಲ್ಲಿರುವ ಮಗನ ಮಗಳು ರಜೆಗೆ ಬಂದಾಗ ಇಬ್ಬರೂ ಆಡುತ್ತೇವೆ. ಹೂಮಳೆ ಬಿದ್ದು ಕಾಫಿ ಹೂ ಅರಳಿದ ದಿನಗಳಲ್ಲಿ ಆಟ ಬಂದ್. ಹೂವಿಗೆ ಪೆಟ್ಟಾದರೆ ಫಸಲಿಗೆ ಪೆಟ್ಟು. ಸಂಜೆಯೂ ಆಡುವಂತಿಲ್ಲ. ಆಲೂರು ಸಕಲೇಶಪುರದ ತೋಟಗಳಲ್ಲಿ ಆನೆ ಯಾವ ಹೊತ್ತಿಗೆ ಎದುರಾದೀತೋ ಹೇಳಲಾಗದು. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ದಸರೆಯ ಅರ್ಜುನನೇ 2023ರ ಡಿಸೆಂಬರ್ 4ರಂದು ಇಲ್ಲಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಆ ಕಾಡಾನೆಯ ತಿವಿತಕ್ಕೆ ಸತ್ತ. ಅಂಥ ನೆಲದಲ್ಲಿ ಅಜ್ಜಿ ಮೊಮ್ಮಗಳು ನಾಲ್ಕು ಗಂಟೆಗೇ ಒಳಗೆ.

ಹೋದ ವರ್ಷ ಮಗ ಫೋನು ಮಾಡಿದ. "ಅಮ್ಮ, ಇವಳನ್ನು ಥ್ರೋಬಾಲಿಗೆ ಮೈಸೂರಿಗೆ ಕರಕೊಂಡು ಹೋಗ್ತಾರಂತೆ. ಎರಡು ರಾತ್ರಿ ಉಳೀಬೇಕು. ಏನ್ಮಾಡ್ಲಿ?"

"ಕಳಿಸಪ್ಪ, ಸೋತು ಬರ್ಲಿ."

"ಸೋತು ಬರ್ಲಿ ಅಂತ ಯಾರಾದ್ರೂ ಹರಸ್ತಾರಾ ಅಮ್ಮ?"

ಸೋತೇ ಬಂದಳು. ದಸರಾ ರಜೆಗೆ ಇಲ್ಲಿ ಬಂದವಳು, ಹೆಗಲ ಚೀಲವನ್ನೂ ಇಳಿಸದೆ ಹಿತ್ತಿಲಿಗೆ ಓಡಿ, ಮೂರೇ ಎಸೆತಕ್ಕೆ ಗಂಟೆ ಬಾರಿಸಿದಳು.