ನಡು ಜೋಡಿಯ ಪೈಲ್ವಾನ

ಮುದಗಲ್ ಬಸ್ ನಿಲ್ದಾಣ. ಲಿಂಗಸುಗೂರಿನ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನ ಪಕ್ಕದಲ್ಲೇ ನಿಮಗೂ ಜಾಗ ಸಿಕ್ಕಿದೆ. ಮೊದಲು ಕಣ್ಣಿಗೆ ಬೀಳುವುದು ಅವನ ಕಿವಿ. ಮಡಿಕೆಗಳೆಲ್ಲ ಮುಚ್ಚಿಹೋಗಿ ಒಣಗಿದ ಅಂಜೂರದ ಹಾಗೆ ಗಂಟಾಗಿದೆ. ಎದುರಾಳಿಯ ತಲೆ, ಮೊಣಕೈಗಳಿಗೆ ತಿಕ್ಕಿ ತಿಕ್ಕಿ ಒಳಗೆ ರಕ್ತ ನಿಂತು ಗಟ್ಟಿಯಾದದ್ದು. ಈ ಕಿವಿಯ ಮುಂದೆ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ.

"ಪೈಲ್ವಾನ್ರ, ಇವತ್ತ ಯಾವ ಊರಾಗ್ರಿ?" ಕಂಡಕ್ಟರ್ ಕೇಳುತ್ತಾನೆ.

"ಮಸ್ಕಿ ದಾಟಿ ಹೋಗಬೇಕ್ರಿ. ಜಾತ್ರಿ ಐತಿ."

ಕೋಟೆಯ ಕಂದಕ ಹಿಂದಕ್ಕೆ ಸರಿಯುತ್ತದೆ. ತೊಡೆಯ ಮೇಲಿನ ಚೀಲದಲ್ಲಿ ಲಂಗೋಟ, ಎಣ್ಣೆ ಬಾಟಲಿ, ನೆನೆಸಿದ ಬಾದಾಮಿಯ ಡಬ್ಬಿ. ಸುಗ್ಗಿ ಮುಗಿದಾಗಿನಿಂದ ಮಳೆ ಬೀಳುವವರೆಗೆ ಜಾತ್ರೆಯಿಂದ ಜಾತ್ರೆಗೆ ಹೀಗೆಯೇ. ಮಳೆಗಾಲದಲ್ಲಿ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ತುಂಗಭದ್ರಾ ಎಡದಂಡೆಯ ಭತ್ತ ಖುರಾಕಿನ ಖರ್ಚನ್ನಷ್ಟು ನೀಗಿಸುತ್ತದೆ. ಹರೆಯದಲ್ಲಿ ಕೊಲ್ಹಾಪುರದ ತಾಲೀಮಿನಲ್ಲಿ ಮಣ್ಣು ಹೊತ್ತವನು. ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ ಆದ ಅಲ್ಲಿನ ಖಾಸಬಾಗ್ ಕುಸ್ತಿ ಮೈದಾನದ ಮಾತು ಬಂದರೆ ಸಾಕು, ದನಿ ತುಸು ಏರುತ್ತದೆ. ಮೈಸೂರು ದಸರಾಕ್ಕೂ ಹೋಗಿದ್ದ. ಅಲ್ಲಿನ ಬಿರುದು ಸಿಗಲಿಲ್ಲ: ಕಂಠೀರವನಾಗಲಿಲ್ಲ, ಕೇಸರಿಯೂ ಆಗಲಿಲ್ಲ.

ಊರು ಬಂತು. ಹಲಗೆ ಬಡಿಯುತ್ತಿದೆ. ಕಣದ ಕೆಮ್ಮಣ್ಣಿನಿಂದ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆತ ಹುಳಿವಾಸನೆ. ತೆಂಗಿನಕಾಯಿ ಕುಸ್ತಿ ಹಿಡಿದ ಹುಡುಗರು ಕಾಯಿ ಎದೆಗವಚಿಕೊಂಡು ಓಡುತ್ತಿದ್ದಾರೆ. ಕಡೆಯ ಜೋಡಿಗೆ ಬೆಳ್ಳಿ ಕಡಗ. ನಮ್ಮವನು ಇವೆರಡರ ನಡುವಿನವನು. ಮರುದಿನದ ಪೇಪರಿನಲ್ಲಿ ಬರುವುದು ಕಡಗದವನ ಫೋಟೋ ಮಾತ್ರ. ಆದರೆ ಡಾವು ನೋಡಬೇಕೆಂದರೆ ನಡು ಜೋಡಿಗಳನ್ನೇ ನೋಡಬೇಕು. ದೊಡ್ಡ ಜೋಡಿಗಳು ಬಹಳ ಸಲ ಒಬ್ಬರಿಗೊಬ್ಬರು ಹೆದರಿಯೇ ಹೊತ್ತು ಕಳೆಯುತ್ತಾರೆ.

ಎದುರು ನಿಂತವನು ದಾವಣಗೆರೆಯ ಕ್ರೀಡಾ ಹಾಸ್ಟೆಲಿನಲ್ಲಿ ಮ್ಯಾಟ್ ಮೇಲೆ ಬೆಳೆದ ಹುಡುಗ. ಇಬ್ಬರೂ ಬಗ್ಗಿ ಮಣ್ಣು ಹಿಡಿದು ಒಬ್ಬರ ಮೈಗೊಬ್ಬರು ಹಚ್ಚುತ್ತಾರೆ. ಕೈ ಕೂಡಿದ್ದೇ ತಡ, ಹುಡುಗ ಕಾಲಿಗೆ ನುಗ್ಗಿದ. ನಮ್ಮವನು ಕಾಲು ಹಿಂದಕ್ಕೆಸೆದು, ಇಡೀ ಭಾರ ಅವನ ಬೆನ್ನಿಗೆ ಹೇರಿ, ಸುತ್ತಿ ಹಿಂದೆ ಬಂದ. ಹುಡುಗ ಬೋರಲು. ಮ್ಯಾಟಿನಲ್ಲಾದರೆ ಇದಕ್ಕೇ 2 ಅಂಕ, 6 ನಿಮಿಷದಲ್ಲಿ ಆಟವೂ ಮುಗಿಯುತ್ತಿತ್ತು. ಇಲ್ಲಿ ಅಂಕವಿಲ್ಲ, ಎರಡೂ ಭುಜ ಮಣ್ಣಿಗೆ ತಾಗಬೇಕು. ಮ್ಯಾಟಿನಲ್ಲಿ ಬಟ್ಟೆ ಹಿಡಿದರೆ ತಪ್ಪು, ಇಲ್ಲಿ ಲಂಗೋಟ ಹಿಡಿಯಬಹುದು. ಹಳಬನ ಬಂಡವಾಳ ಅದೇ. ನಾಲ್ಕು ಬೆರಳು ಲಂಗೋಟದ ಪಟ್ಟಿಯೊಳಗೆ ತೂರಿಸಿ, ಮೊಣಕಾಲು ಸೊಂಟಕ್ಕೊತ್ತಿ ಘಿಸ್ಸಾ ಎಂಬ ಡಾವು ಎಳೆಯುತ್ತಾನೆ. ಒಂದು ಭುಜ ತಾಗಿತು. ಜನ ಎದ್ದು ನಿಂತರು. ಹುಡುಗ ಕತ್ತಿನ ಮೇಲೆ ಸೇತುವೆ ಕಟ್ಟಿ, ಮೀನಿನಂತಲ್ಲ, ಎತ್ತಿನಂತೆ ಕೊಸರಿ ಹೊರಬಿದ್ದ.

ಮತ್ತೆ ಹಿಡಿತ, ಮತ್ತೆ ಬಿಡಿಸುವುದು. ನಮ್ಮವನ ಉಸಿರಿನ ಸದ್ದು ನೀವು ಕುಳಿತಲ್ಲಿಗೇ ಕೇಳುತ್ತಿದೆ. ಹೊತ್ತು ಇಳಿಯಿತು, ಇನ್ನೂ ಜೋಡಿಗಳಿವೆ. ಪಂಚರು ನಡುವೆ ಬಂದು ಇಬ್ಬರ ಕೈಯನ್ನೂ ಎತ್ತಿದರು.

ಸಮಬಲ ಎಂದರೆ ಇನಾಮು ಅರ್ಧ. ಸೋತವನ ಕೈಗೂ ಮೆಚ್ಚಿದವರು ನೋಟು ತುರುಕುವುದುಂಟು. ಸಮಬಲಕ್ಕೆ ಅದೂ ಇಲ್ಲ. ಅವನು ಸಿಟ್ಟಾಗಲಿಲ್ಲ. ಹುಡುಗನ ಬೆನ್ನು ತಟ್ಟಿ, ಕತ್ತು ಇನ್ನಷ್ಟು ಬಲ ಮಾಡಿಕೋ ಎಂದ. ಬೋರಿನ ನೀರಿಗೆ ತಲೆಯೊಡ್ಡಿ ಮಣ್ಣು ತೊಳೆಯುವಾಗ ಪಕ್ಕದೂರಿನ ಹಿರಿಯರೊಬ್ಬರು ಬಂದು ನಿಂತರು.

"ಬರೋ ಸೋಮವಾರ ನಮ್ಮೂರಾಗ ಕುಸ್ತಿ ಅದಾವ್ರಿ. ಇದೇ ಹುಡುಗನ ಕೂಡ ಜೋಡಿ ಹಚ್ಚಲೇನು?"

"ಹಚ್ಚರಿ. ಆದ್ರ ನಿಕಾಲಿ ಆಗೂತನಕ ಬಿಡಿಸಬಾರದು. ಬಸ್ ಚಾರ್ಜು ಬ್ಯಾರೆ."